ನನಗೊಬ್ಬಳು ಸೊಸೆಯಿದ್ದಾಳೆ

ಫೆಬ್ರವರಿ 4

ಈ ಕಾಗದ ಒಡೆದು ಓದುತ್ತಿರುವವರು ಯಾರೇ ಆಗಿರಲಿ, ಮೊದಲು ನನ್ನಿಂದ ಬೈಸಿಕೊಂಡು ಆಮೇಲೆ ಮುಂದಿನ ಸಾಲಿಗೆ ಹೋಗಿ. ನೀವು ಹಾಸ್ಟೆಲ್ಲಿನ ಮೇಲ್ವಿಚಾರಕಿಯಾಗಿದ್ದರೆ, ಕಂಡವರ ಕಾಗದದಲ್ಲಿ ಮೂಗು ತೂರಿಸಲಿ ಎಂದು ಯಾರೂ ನಿಮಗೆ ಸಂಬಳ ಕೊಡುವುದಿಲ್ಲ, ಮಡಿಸಿ ಇಡಿ. ಪಕ್ಕದ ಮಂಚದ ಗೆಳತಿಯಾಗಿದ್ದರೆ, ಹೋಗು, ನಿನ್ನ ಅಜ್ಜಿಗೆ ನಾಲ್ಕು ಸಾಲು ಬರಿ, ನನ್ನದನ್ನು ಯಾಕೆ ಓದುತ್ತೀಯ. ಇನ್ನು ಗೀರಿದರೆ ಹೊತ್ತಿಕೊಳ್ಳುವ ನನ್ನ ಮೊಮ್ಮಗಳು ಕಡ್ಡಿಪೆಟ್ಟಿಗೆಯೇ ಆಗಿದ್ದರೆ ಹತ್ತಿರ ಬಾ, ನಿನಗೆ ಬೇರೆಯೇ ಕಾದಿದೆ.

ರಜೆಗೆಂದು ಬಂದವಳು ಒಂದು ದಿನವೂ ನೆಟ್ಟಗೆ ಕೂರಲಿಲ್ಲ. ನಿನ್ನಮ್ಮ ಕೈ ಒರೆಸಿಕೊಂಡು ಹೊಸ್ತಿಲಲ್ಲಿ ನಿಂತು, ಮೇಷ್ಟರ ಮುಂದೆ ನಿಂತ ಹುಡುಗಿಯ ಹಾಗೆ ನಿನ್ನನ್ನು ಕೇಳಿದಳು: "ಕನ್ನಡಕದ ಅಂಗಡಿಯವರು ನನ್ನ ಮದುವೆ ಆಗ್ತೀಯಾ ಅಂತ ಕೇಳಿದಾರೆ ಕಣೇ. ನಿಂಗೆ ಹೇಗನ್ಸುತ್ತೆ?" ಅವಳು ಕೇಳಿದ್ದು ಒಂದು ಪ್ರಶ್ನೆ. ಉತ್ತರ ಕೊಟ್ಟಿದ್ದು ಬಾಗಿಲು. ಪೆಟ್ಟಿಗೆಗೆ ಬಟ್ಟೆ ತುರುಕಿಕೊಂಡು ನೀನು ಎಳೆದುಕೊಂಡು ಹೋದ ಆ ಬಾಗಿಲಿನ ಕೀಲು ಅಂದಿನಿಂದ ಕಿರುಗುಟ್ಟುತ್ತಿದೆ. ಎಣ್ಣೆ ಬಿಟ್ಟರೂ ಬಾಯಿ ಮುಚ್ಚುವುದಿಲ್ಲ, ಥೇಟು ನಮ್ಮ ವಂಶ.

ಫೋನು ಮಾಡಿದರೆ ಕಟ್ ಮಾಡುತ್ತೀಯ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಹರಿಯಬೇಕು. ಹರಿಯುವವಳು ಯಾರದೆಂದು ತಿಳಿಯಲಿಕ್ಕಾದರೂ ಒಂದು ಸಾಲು ಓದಬೇಕು. ಇದು ನಾಲ್ಕನೇ ಕ್ಲಾಸಿನವಳ ಬುದ್ಧಿ, ನಿನ್ನಂಥ ಕಾಲೇಜಿನವರಿಗೆ ಹೊಳೆಯುವುದಿಲ್ಲ.

ಹಾಗೆಂದು ನಿನ್ನ ಕಾಲು ಹಿಡಿಯಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ನನ್ನ ಕೆಲಸಕ್ಕೇ ಕುತ್ತು ಬಂದಿದೆ. ಬಸ್ ನಿಲ್ದಾಣಕ್ಕೆ ಹೊಸ ಮೇಲಧಿಕಾರಿ ಬಂದಿದ್ದಾನೆ. ಮೀಸೆ ಇನ್ನೂ ಪೂರ್ತಿ ಮೊಳೆತಿಲ್ಲ, ಮಾತೆಲ್ಲ ಮೊಳೆತಿದೆ. ಕಳೆದ ಸಾಮಾನಿನ ಕೋಣೆಯ ಕಿಟಕಿಯಲ್ಲಿ ಕೂರುವವರಿಗೆ ಇಂಗ್ಲಿಷ್ ಬರಬೇಕಂತೆ. ಬೇರೆ ಭಾಷೆಯ ಪ್ರಯಾಣಿಕರು ಬ್ಯಾಗು ಕಳೆಯಿತೆಂದು ಅಳುವಾಗ ನಾನು ಕೈಸನ್ನೆ ಮಾಡುತ್ತೇನೆ, ಅದು ನಿಲ್ದಾಣದ ಮರ್ಯಾದೆಗೆ ಕಡಿಮೆಯಂತೆ.

"ಅಜ್ಜಿ, ಎಲ್ಲಾ ಬೇಡ. ಒಂದೇ ಒಂದು ಕ್ರಿಯಾಪದ ಕಲೀರಿ. ಹ್ಯಾವ್. ಅದನ್ನ ವಾಕ್ಯದಲ್ಲಿ ಸರಿಯಾಗಿ ಬಳಸೋಕೆ ಬಂದ್ರೆ ಕಿಟಕಿ ನಿಮ್ದು."

"ಬರದೇ ಇದ್ರೆ?"

"ಮನೇಲಿ ಆರಾಮಾಗಿರಿ."

"ಆರಾಮನ್ನ ನೀವೇ ಇಟ್ಕೊಳ್ಳಿ ಸಾರ್. ನಂಗೆ ಅದರ ಅಭ್ಯಾಸ ಇಲ್ಲ."

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಬಸ್ಸಿನಲ್ಲಿ ಜನ ಬಿಟ್ಟುಹೋದದ್ದೆಲ್ಲ ನನ್ನ ಕೋಣೆಗೆ ಬರುತ್ತದೆ. ಕೇಳಲು ಬಂದವರಿಗೆ ಸಾಮಾನನ್ನು ನಾನು ಮೊದಲು ತೋರಿಸುವುದಿಲ್ಲ. ನಿಮ್ಮದೇ ಆದರೆ ಒಳಗೇನಿದೆ ಹೇಳಿ ಎನ್ನುತ್ತೇನೆ. ಬಣ್ಣವನ್ನು ಕಳ್ಳನೂ ಹೇಳುತ್ತಾನೆ, ಒಳಗಿನದನ್ನು ಯಜಮಾನ ಮಾತ್ರ ಹೇಳುತ್ತಾನೆ. ಇಷ್ಟು ದಿನ ಒಂದು ಗುಂಡಿಯೂ ತಪ್ಪು ಕೈಗೆ ಹೋಗಿಲ್ಲ. ಈಗ ಅದನ್ನೇ ಇಂಗ್ಲಿಷಿನಲ್ಲಿ ಮಾಡಬೇಕು.

ನೀನು ಇಂಗ್ಲಿಷ್ ಟೀಚರಾಗಲು ಓದುತ್ತಿರುವವಳು. ನನ್ನ ಮೇಲೆ ಸಿಟ್ಟಿರಬಹುದು, ಕ್ರಿಯಾಪದದ ಮೇಲೆ ಸಿಟ್ಟಿಲ್ಲವಲ್ಲ. ಈ ನಾಲ್ಕು ವಾಕ್ಯ ತಿದ್ದಿ ಕಳಿಸು.

ಐ ಹ್ಯಾವ್ ಎ ವಿಂಡೋ.
ಯು ಹ್ಯಾವ್ ಎ ಮದರ್.
ಮದರ್ ಹ್ಯಾವ್ ನೋ ಸ್ಲೀಪ್.
ಮದರ್ ಹ್ಯಾವ್ ಎ ಕ್ವೆಶ್ಚನ್.

ಇಂತಿ, ನಿನ್ನನ್ನು ಎತ್ತಿ ಆಡಿಸಿದ್ದಕ್ಕೆ ಈಗ ಅನುಭವಿಸುತ್ತಿರುವ
ಅಜ್ಜಿ


ಫೆಬ್ರವರಿ 17

ಅಜ್ಜೀ,

ಮೊದಲ ಎರಡು ವಾಕ್ಯಗಳು ಸರಿಯಾಗಿವೆ. ಮೂರು ಮತ್ತು ನಾಲ್ಕರಲ್ಲಿ ಹ್ಯಾವ್ ಬದಲು ಹ್ಯಾಸ್ ಬರಬೇಕು. ಐ, ಯು, ವಿ, ದೇ ಇದ್ದರೆ ಹ್ಯಾವ್. ಹೀ, ಶೀ, ಇಟ್ ಅಥವಾ ಯಾರೋ ಒಬ್ಬರ ವಿಷಯವಾದರೆ ಹ್ಯಾಸ್. ಹಿಂದೆ ಇದ್ದು ಈಗ ಇಲ್ಲದ್ದಕ್ಕೆ ಎಲ್ಲರಿಗೂ ಹ್ಯಾಡ್. ಪ್ರಶ್ನೆ ಕೇಳುವಾಗ ‘ಡು ಯು ಹ್ಯಾವ್’ ಎಂದು ಶುರು ಮಾಡು. ದಿನವೂ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದರೆ ನಾಲಿಗೆಗೆ ಕೂರುತ್ತದೆ.

ಇಲ್ಲಿ ಎಲ್ಲ ಕ್ಷೇಮ. ಓದು ಜಾಸ್ತಿ ಇದೆ.

ನಿನ್ನ ಮೊಮ್ಮಗಳು


ಮಾರ್ಚ್ 1

ಟೀಚರಮ್ಮನವರ ಪಾದಗಳಿಗೆ,

ತಮ್ಮ ಕೃಪಾಪತ್ರ ಬಂದು ತಲುಪಿತು. ನಿನ್ನ ತಾಯಿಗೆ ನಿದ್ದೆಯಿಲ್ಲ ಎಂದು ಬರೆದರೆ ಹ್ಯಾವ್ ಹೊಡೆದು ಹ್ಯಾಸ್ ಬರೆದು ಕಳಿಸಿದ್ದೀಯಲ್ಲ, ಅವಳಿಗೆ ನಿದ್ದೆ ಬಂತೇನೇ ಅದರಿಂದ? ಮನೆಗೆ ಬೆಂಕಿ ಬಿದ್ದಿದೆ ಎಂದು ಬರೆದರೆ ಬೆಂಕಿಗೆ ಸೊನ್ನೆ ಬಿಟ್ಟಿದ್ದೀಯ ಎಂದು ತಿದ್ದಿ ಕಳಿಸುವವಳು ನೀನು.

ಆದರೂ ಕಲಿಯುತ್ತಿದ್ದೇನೆ. ಹೇಳಿದಂತೆ ಗಟ್ಟಿಯಾಗಿ. ಪಕ್ಕದ ಟಿಕೆಟ್ ಕೌಂಟರಿನವನು ಕಿವಿಗೆ ಹತ್ತಿ ಇಟ್ಟುಕೊಂಡು ಬರುತ್ತಿದ್ದಾನೆ. "ಅಜ್ಜಿ, ನಿಮ್ಮ ಹ್ಯಾವ್ ಕೇಳಿ ಕೇಳಿ ನಿನ್ನೆ ಚಿಲ್ಲರೆ ಬದಲು ಹ್ಯಾವ್ ಕೊಟ್ಬಿಟ್ಟೆ" ಎನ್ನುತ್ತಾನೆ.

ಒಂದು ಮಾತು ಹೇಳುತ್ತೇನೆ, ನಿನ್ನ ಕಾಲೇಜಿನಲ್ಲಿ ಇದನ್ನು ಕಲಿಸಿರಲಾರರು. ಈ ಭಾಷೆಗೆ ಹಿಡಿದುಕೊಳ್ಳುವ ಚಟ. ನಾವು ನನಗೆ ಮನೆ ಇದೆ ಎನ್ನುತ್ತೇವೆ. ಮನೆ ಅದರ ಪಾಡಿಗೆ ಅದು ಇದೆ, ಅದರ ಪಕ್ಕ ನಾನಿದ್ದೇನೆ, ಅಷ್ಟೆ. ನಾಳೆ ಅದು ಎದ್ದು ಹೋಗುತ್ತೇನೆಂದರೆ ನಾನು ಕಟ್ಟಿಹಾಕಲು ಆಗುತ್ತದೆಯೇ? ಇವರು ಐ ಹ್ಯಾವ್ ಎಂದು ಮೊದಲೇ ಕೈ ಚಾಚಿ ಕೊರಳಪಟ್ಟಿ ಹಿಡಿಯುತ್ತಾರೆ. ಐ ಹ್ಯಾವ್ ಎ ಹೌಸ್. ಐ ಹ್ಯಾವ್ ಎ ಬ್ರದರ್. ಐ ಹ್ಯಾವ್ ಎ ಫೀವರ್. ಮನೆಯನ್ನೂ ಅಣ್ಣನನ್ನೂ ಜ್ವರವನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದುಕೊಂಡು ಮಲಗಿದರೆ ನಿದ್ದೆ ಎಲ್ಲಿಂದ ಬರಬೇಕು? ಹೀಗೆ ಯೋಚಿಸುತ್ತಾ ಕೂತರೆ ನನಗೂ ಕೂತಲ್ಲಿ ಕೂರಲು ಆಗುವುದಿಲ್ಲ. ಗುಡಿಸಿದ ಕೋಣೆಯನ್ನೇ ಗುಡಿಸುತ್ತೇನೆ. ಛತ್ರಿಗಳನ್ನು ಉದ್ದದ ಸಾಲಿನಲ್ಲಿ ಇಟ್ಟು, ಆಮೇಲೆ ಬಣ್ಣದ ಸಾಲಿನಲ್ಲಿ ಇಟ್ಟು, ಮತ್ತೆ ಉದ್ದದ ಸಾಲಿಗೆ ತರುತ್ತೇನೆ.

ನಿನ್ನಮ್ಮನದು ನನಗಿಂತ ಅತ್ತತ್ತ. ಡಿಪೋದ ವರ್ಕ್‌ಶಾಪಿನಲ್ಲಿ ಬಸ್ಸಿನ ಸೀಟು ಅವಳಷ್ಟು ಬಿಗಿಯಾಗಿ ಹೊಲಿಯುವವರಿಲ್ಲ ಎನ್ನುತ್ತಿದ್ದರಲ್ಲ, ಕಳೆದ ವಾರ ರೆಕ್ಸಿನ್ನನ್ನು ಒಳಮಗ್ಗುಲು ಹೊರಗೆ ಮಾಡಿ ಹೊಲಿದಿದ್ದಾಳೆ. ಮೇಸ್ತ್ರಿ ನೋಡಿ, "ಅಕ್ಕಾ, ಪ್ರಯಾಣಿಕರು ಸೀಟಿನ ಒಳಗೆ ಕೂರ್ಬೇಕಾ?" ಎಂದನಂತೆ. ನಗುತ್ತಾ ಹೇಳಿದಳು. ನಗು ಮುಗಿದ ಮೇಲೂ ಬಾಯಿ ಹಾಗೇ ಇತ್ತು, ಮುಚ್ಚಲು ಮರೆತಂತೆ.

ಹೊಸ ಕನ್ನಡಕವನ್ನು ನಾನು ಕೋಣೆಗೆ ಬಂದರೆ ತೆಗೆದು ಬಚ್ಚಿಡುತ್ತಾಳೆ. ಅದು ಇಲ್ಲದಿದ್ದರೆ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಆ ಕನ್ನಡಕದ ಅಂಗಡಿಯಾತನಲ್ಲಿಗೆ ಅವಳನ್ನು ಕಳಿಸಿದವಳು ನಾನೇ, ಹೋಗಿ ಕಣ್ಣು ತೋರಿಸು ಎಂದು. ಆತ ನಿನಗೆ ಗೊತ್ತಿಲ್ಲ, ನೋಡುವ ಮೊದಲೇ ಬಾಗಿಲು ಹಾಕಿದೆ. ನಮ್ಮ ಕೋಣೆಯಲ್ಲಿ ಒಂದು ಡ್ರಾಯರ್ ತುಂಬ ಜನ ಕಳೆದ ಕನ್ನಡಕಗಳಿವೆ. ಈ ಮನುಷ್ಯ ಆಗಾಗ ಬಂದು ಸೊಟ್ಟಗಾದ ಕಡ್ಡಿಗಳನ್ನು ನೆಟ್ಟಗೆ ಮಾಡಿ, ಗಾಜು ಒರೆಸಿ ಇಟ್ಟು ಹೋಗುತ್ತಾನೆ. "ಹುಡುಕ್ಕೊಂಡು ಬಂದವರಿಗೆ ಮುರಿದದ್ದು ಯಾಕೆ ಕೊಡ್ಬೇಕು" ಎನ್ನುತ್ತಾನೆ. ಮದುವೆಯಾಗದೆ ಉಳಿದವನು. ಊರಿನವರ ಕಣ್ಣು ನೋಡುತ್ತಾ ಕೂತವನಿಗೆ ತನ್ನ ವಯಸ್ಸು ಕಾಣಲಿಲ್ಲವೇನೋ.

ನಿನ್ನಮ್ಮ ಆತನಿಗೆ ಕೊಟ್ಟ ಉತ್ತರ ಇಷ್ಟೇ: "ನನ್ನ ಮಗಳು ಹೂಂ ಅನ್ನೋ ತನಕ ಇಲ್ಲ." ಆಗಲಿ ಎಂದನಂತೆ. ಈಗ ಆತ ಅಂಗಡಿಯಲ್ಲಿ ಕೂತು ಕಾಯುತ್ತಾನೆ, ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಕಾಯುತ್ತಾಳೆ, ನಾನು ಇಬ್ಬರನ್ನೂ ನೋಡುತ್ತಾ ಹ್ಯಾವ್ ಹೇಳುತ್ತೇನೆ. ಬೇಕಿರುವುದು ನಿನ್ನ ಬಾಯಲ್ಲಿರುವ ಒಂದು ಹೂಂ. ಹೇಳದಿದ್ದರೆ ಉಹೂಂ ಎಂದಾದರೂ ಹೇಳು. ಯಂತ್ರವಾದರೂ ಸರಿಯಾಗಿ ನಡೆಯುತ್ತದೆ.

ಇವನ್ನು ತಿದ್ದು.

ಶೀ ಹ್ಯಾಸ್ ಎ ಗುಡ್ ಮ್ಯಾನ್.
ಹೀ ಹ್ಯಾಸ್ ಎ ಶಾಪ್.
ದೇ ಹ್ಯಾವ್ ನೋ ಆನ್ಸರ್.

ಈ ಸಲ ತಿದ್ದಲು ಏನೂ ಸಿಗದು. ಏನಾದರೂ ಬೇರೆ ಬರೆಯಬೇಕಾಗುತ್ತದೆ ನೀನು.

ಅಜ್ಜಿ


ಮಾರ್ಚ್ 22

ಕಡ್ಡಿಪೆಟ್ಟಿಗೆ,

ಮೂರು ವಾಕ್ಯ ಸರಿಯಾಗಿ ಬರೆದದ್ದಕ್ಕೆ ಒಂದು ಶಭಾಷೂ ಇಲ್ಲ. ತಪ್ಪಿದ್ದರೆ ಮಾತ್ರ ಟೀಚರು, ಸರಿಯಿದ್ದರೆ ಗೋಡೆ. ನಾಳೆ ನಿನ್ನ ಕೈಗೆ ಸಿಗುವ ಮಕ್ಕಳನ್ನು ನೆನೆದು ಕನಿಕರವಾಗುತ್ತಿದೆ.

ನಿನ್ನಮ್ಮ ಅಂಚೆಯವನ ಸೈಕಲ್ ಬೆಲ್ಲಿಗೆ ಏಳುತ್ತಾಳೆ, ಕೂರುತ್ತಾಳೆ. ಬೆಲ್ಲು ಹಾಲಿನವನದೂ ಇರುತ್ತದೆ, ಪಕ್ಕದ ಮನೆ ಹುಡುಗನದೂ ಇರುತ್ತದೆ, ಅವಳು ಎಲ್ಲದಕ್ಕೂ ಏಳುತ್ತಾಳೆ. ನಿನ್ನೆ, "ಸೊಂಟ ನೋವು ಬರುತ್ತೆ, ಒಂದ್ಸಲ ನಿಂತ್ಕೊಂಡೇ ಇದ್ಬಿಡು" ಎಂದೆ. ನಿಂತೇ ಇದ್ದಳು.

ಏಪ್ರಿಲ್ ಮೊದಲಲ್ಲಿ ನನ್ನ ಪರೀಕ್ಷೆ. ಪಾಸಾದರೂ ಫೇಲಾದರೂ ನಿನಗೆ ತಿಳಿಸುವುದಿಲ್ಲ. ಇಂದಿನಿಂದ ಇನ್ನು ವಾಕ್ಯವೂ ಇಲ್ಲ. ಸಿಟ್ಟು ನಿನಗೊಬ್ಬಳಿಗೇ ಬರುತ್ತದೆಯೇ?

ಅಜ್ಜಿ


ಏಪ್ರಿಲ್ 3

ಅಜ್ಜೀ,

ನಿನ್ನ ವಾಕ್ಯಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಓದಿದೆ. ವಿಂಡೋ ಇದೆ, ಶಾಪ್ ಇದೆ, ಗುಡ್ ಮ್ಯಾನ್ ಇದ್ದಾನೆ. ಎಲ್ಲರಿಗೂ ಏನೇನೋ ಇದೆ. ಅಪ್ಪನ ವಾಕ್ಯ ಎಲ್ಲಿ? ಒಂದಾದರೂ ಬರೆದೆಯಾ? ಅವರು ನಿನ್ನ ಮಗ ಅಲ್ಲವಾ ಅಜ್ಜಿ? ನಿನಗೇ ನೋವಾಗದಿದ್ದರೆ ಇನ್ನು ಯಾರಿಗೆ ಆಗಬೇಕು? ಅಮ್ಮ ಆ ಮನೆಗೆ ಹೋದರೆ ನಮ್ಮ ಗೋಡೆಯ ಮೊಳೆಯಲ್ಲಿರುವ ಅಪ್ಪನ ಕೋಟನ್ನು ಯಾರು ನೋಡುತ್ತಾರೆ? ಅದು ಅಲ್ಲಿ ಒಂದೇ ನೇತಾಡುತ್ತಿರಬೇಕಾ?

ಇನ್ನೊಂದು. ನಿನ್ನ ಒಂದೇ ಒಂದು ವಾಕ್ಯದಲ್ಲೂ ನೀನಿಲ್ಲ. ಕಿಟಕಿ ಬಿಟ್ಟರೆ. ಅಮ್ಮ ಹೋದರೆ ನೀನು ಎಲ್ಲಿರುತ್ತೀಯ? ಅಮ್ಮನ ನಿದ್ದೆಯ ವಿಷಯ ಬರೆಯುತ್ತೀಯ, ಸೀಟು ತಿರುಗಾಮುರುಗಾ ಹೊಲಿದದ್ದು ಬರೆಯುತ್ತೀಯ. ಇದನ್ನು ಮಾತ್ರ ಬರೆಯುವುದಿಲ್ಲ. ನಾನು ಅವತ್ತು ಬಾಗಿಲು ಹಾಕಿದ್ದು ಅಮ್ಮನ ಮೇಲಿನ ಸಿಟ್ಟಿಗೆ ಅಂತ ನೀವಿಬ್ಬರೂ ಅಂದುಕೊಂಡಿದ್ದೀರಿ. ಅಮ್ಮ ಕೇಳುವಾಗ ಹಿಂದೆ ನೀನು ತಟ್ಟೆ ತೊಳೆಯುತ್ತಿದ್ದೆ. ತೊಳೆದ ತಟ್ಟೆಯನ್ನೇ ತೊಳೆಯುತ್ತಿದ್ದೆ. ನಾನು ನೋಡಿದೆ.

ಪರೀಕ್ಷೆ ಏನಾಯಿತು?

ನಿನ್ನ ಮೊಮ್ಮಗಳು


ಏಪ್ರಿಲ್ 11

ಕಡ್ಡಿಪೆಟ್ಟಿಗೆಯೇ,

ಅಂತೂ ಗೀರಿಕೊಂಡೆ. ಒಳ್ಳೆಯದಾಯಿತು, ಒಂದಿಷ್ಟು ಬೆಳಕು ಬಂತು. ಒಂದೊಂದಕ್ಕೇ ಉತ್ತರ ತಗೋ.

ಕೋಟು ಮೊಳೆಯ ಮೇಲಿಲ್ಲ. ನೀನು ಬಾಗಿಲು ಹಾಕಿ ಹೋದ ಆ ಚಳಿಯಿಂದ ನಾನೇ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದೇನೆ. ಈಗಲೂ ಬೆಳಗಿನ ಜಾವ ಕಿಟಕಿಯ ಸಂದಿಯಲ್ಲಿ ಗಾಳಿ ಸೂಜಿಯ ಹಾಗೆ ಬರುತ್ತದೆ. ಮೊಳೆಗೇನು ನಡುಕವೇ, ಅದಕ್ಕೆ ಕೋಟು ತೊಡಿಸಿ ನೋಡುತ್ತಾ ಕೂರಲು? ತೋಳು ಉದ್ದ, ಮಡಚಿಕೊಳ್ಳುತ್ತೇನೆ. ನಿನ್ನಮ್ಮನೇ ಒಳಗೆ ಹೊಸ ಲೈನಿಂಗ್ ಬಟ್ಟೆ ಕೊಟ್ಟು ಹೊಲಿದಳು.

ಇನ್ನು ನೋವಿನ ಮಾತು. ಹೆತ್ತವಳನ್ನು ಲೆಕ್ಕ ಕೇಳುತ್ತೀಯಲ್ಲ, ಎದುರಿಗಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ. ಅದಕ್ಕೆ ಬದಲು ಪರೀಕ್ಷೆಯ ಕಥೆ ಹೇಳುತ್ತೇನೆ, ಅದರಲ್ಲೇ ನಿನ್ನ ಉತ್ತರವಿದೆ.

ಮೇಲಧಿಕಾರಿ ನನ್ನ ಕಿಟಕಿಯ ಹೊರಗೆ ನಿಂತ. ಟಿಕೆಟ್ ಕೌಂಟರಿನವನು, ಇಬ್ಬರು ಡ್ರೈವರುಗಳು ಅವನ ಹಿಂದೆ ತಮಾಷೆ ನೋಡಲು ನಿಂತರು. ಡು ಯು ಹ್ಯಾವ್ ಮೈ ಅಂಬ್ರೆಲಾ ಎಂದ. ಐ ಹ್ಯಾವ್ ಮೆನಿ ಅಂಬ್ರೆಲಾ ಸಾರ್, ವಾಟ್ ಡಸ್ ಇಟ್ ಹ್ಯಾವ್ ಎಂದೆ. ಡ್ರೈವರುಗಳು ಶಿಳ್ಳೆ ಹೊಡೆದರು. ಮೇಲಧಿಕಾರಿ ನಕ್ಕು, ಸುಮ್ಮನೆ ಮಾತಿಗೆ ಕೇಳುವವನ ಹಾಗೆ, ಮನೆಯಲ್ಲಿ ಯಾರಿದ್ದಾರೆಂದು ಅದೇ ಕ್ರಿಯಾಪದದಲ್ಲಿ ಹೇಳಿ ಎಂದ.

"ಐ ಹ್ಯಾಡ್ ಎ ಸನ್" ಎಂದೆ.

ಸರಿಯಾಗಿ ಬಂತು ಕಣೇ. ನೀನು ಬರೆದಿದ್ದೆಯಲ್ಲ, ಹಿಂದೆ ಇದ್ದು ಈಗ ಇಲ್ಲದ್ದಕ್ಕೆ ಎಲ್ಲರಿಗೂ ಹ್ಯಾಡ್ ಎಂದು. ಒಂದು ತಪ್ಪೂ ಇಲ್ಲದೆ ಬಂತು. ತಪ್ಪು ಬಂದಿದ್ದರೆ ಚೆನ್ನಾಗಿತ್ತು. ಡ್ರೈವರುಗಳು ಟೋಪಿ ತೆಗೆದರು, ಅವರಿಗೆ ನಿನ್ನಪ್ಪ ಗೊತ್ತು, ಅವರ ಬಸ್ಸುಗಳ ಬ್ರೇಕು ಬಿಗಿಯುತ್ತಿದ್ದವನು. ಮೇಲಧಿಕಾರಿ ಬೇಗ ಬೇಗ, "ಆಯ್ತು ಅಜ್ಜಿ, ಈಗ ಇರೋರನ್ನ ಹೇಳಿ" ಎಂದ.

"ಐ ಹ್ಯಾವ್ ಎ ಡಾಟರ್ ಇನ್ ಲಾ."

ಅವನು ಪೆನ್ನು ಕಚ್ಚಿದ. "ಸನ್ ಹ್ಯಾಡ್ ಅಂದ್ರಿ. ಹಾಗಾದ್ರೆ ಡಾಟರ್ ಇನ್ ಲಾನೂ ಹ್ಯಾಡ್ ಆಗಲ್ವಾ?"

"ಯಾಕಾಗ್ಬೇಕು? ಬೆಳಿಗ್ಗೆ ನನ್ನ ಜೊತೆ ಚಹಾ ಕುಡಿದು, ಸಕ್ಕರೆ ಜಾಸ್ತಿ ಹಾಕಿದ್ದಕ್ಕೆ ಬೈಸ್ಕೊಂಡು ಕೆಲಸಕ್ಕೆ ಹೋಗಿದಾಳೆ. ನಿಮ್ಮ ಪುಸ್ತಕದಲ್ಲಿ ಅದು ಹ್ಯಾಡ್ ಆದ್ರೆ, ಪುಸ್ತಕ ತಿದ್ಕೊಳ್ಳಿ ಸಾರ್."

ಪಾಸು ಮಾಡಿದ. ಕಿಟಕಿ ನನ್ನದೇ. ಆದರೆ ಅವನು ಕೇಳಿದ್ದು ಮಾತ್ರ ನನ್ನ ಹಿಂದೆಯೇ ಮನೆತನಕ ಬಂತು. ಅಲ್ಲಿಂದ ನಿನ್ನ ಮೂರನೆಯ ಪ್ರಶ್ನೆಗೆ ಬರುತ್ತೇನೆ, ಎಲ್ಲಿರುತ್ತೀಯ ಎಂಬುದಕ್ಕೆ.

ಈ ಎರಡು ಕೋಣೆಯಲ್ಲೇ ಇರುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಒಬ್ಬಳ ಅಡುಗೆ ಎಷ್ಟು ಹೊತ್ತಿನದು, ಒಂದು ತಟ್ಟೆ, ಒಂದು ಲೋಟ, ತೊಳೆದರೆ ಮುಗಿಯಿತು ಎಂದು. ಮೊನ್ನೆ ಮಂಗಳವಾರ ಕನ್ನಡಕದವನು ಡ್ರಾಯರ್ ನೋಡಲು ಬಂದ. ಈ ಸಲ ಸ್ಕ್ರೂಡ್ರೈವರ್ ತಂದಿರಲಿಲ್ಲ.

"ಏನು ಕಳ್ಕೊಂಡ್ರಿ?" ಎಂದೆ.

"ಕಳ್ಕೊಂಡಿಲ್ಲ. ಕೇಳೋಕೆ ಬಂದೆ."

"ಇಲ್ಲಿ ಕೇಳಿದವರಿಗೆಲ್ಲ ಕೊಡೋ ಪದ್ಧತಿ ಇಲ್ಲ, ಗೊತ್ತಲ್ಲ. ನನ್ನ ಸೊಸೆ ಬೇಕು ಅಂತೀರಿ. ಒಳಗೇನಿದೆ ಹೇಳಿ ನೋಡೋಣ."

ಆತ ಕನ್ನಡಕ ತೆಗೆದು ಒರೆಸಿದ. ಒಳ್ಳೆಯ ಮನಸ್ಸಿದೆ ಎಂದೇನಾದರೂ ಹೇಳಿದರೆ, ಅದು ಎಲ್ಲ ಬ್ಯಾಗಿನಲ್ಲೂ ಇರುವ ಬಾಚಣಿಗೆ ಇದ್ದಂತೆ, ಗುರುತಾಗುವುದಿಲ್ಲ ಎಂದು ಬೈಯಲು ನಾನು ಬಾಯಿ ಸಿದ್ಧ ಮಾಡಿಕೊಂಡಿದ್ದೆ.

"ಒಳಗೆ ನೀವಿದ್ದೀರಿ" ಎಂದ.

"ಏನಂದ್ರಿ?"

"ಯಾವ ಮಾತು ತೆಗೆದ್ರೂ ಅತ್ತೆ ಹೀಗಂದ್ರು, ಅತ್ತೆಗೆ ಇದು ಸೇರಲ್ಲ, ಅತ್ತೆಗೆ ಹೇಳ್ಬೇಕು. ಪಾರ್ಕಿಗೆ ನಾವಿಬ್ಬರೇ ಹೋದ್ರೂ ಬೆಂಚಿನ ಮೇಲೆ ಮೂವರು ಕೂತಿರ್ತೀವಿ. ಮಗಳೂ ಇದಾಳೆ ಒಳಗೆ, ಬಾಗಿಲು ಹಾಕ್ಕೊಂಡು ಕೂತಿದಾಳೆ. ನಿಮ್ಮ ಮಗನೂ ಇದಾನೆ. ನಾನು ಒಂದನ್ನೂ ತೆಗೆದಿಟ್ಟು ಬನ್ನಿ ಅಂತಿಲ್ಲ. ಎಲ್ಲಾ ಸಮೇತ ಕೇಳ್ತಿದೀನಿ."

ನಾನು ‘ಊಟದ ಸಮಯ’ ಎಂಬ ಹಲಗೆ ಇಟ್ಟು ಕಿಟಕಿ ಮುಚ್ಚಿದೆ. ಊಟದ ಸಮಯ ಆಗಿರಲಿಲ್ಲ.

ಮನೆಗೆ ಬಂದು ನಿನ್ನಮ್ಮನ ಮೇಲೆ ಹಾರಿಬಿದ್ದೆ. ನನ್ನನ್ನು ಬಳುವಳಿ ಮಾಡಿಕೊಂಡು ಹೊರಟಿದ್ದೀಯಾ, ಜನ ಪಾತ್ರೆ ಕೊಡುತ್ತಾರೆ, ಮಂಚ ಕೊಡುತ್ತಾರೆ, ಅತ್ತೆಯನ್ನು ಹೊತ್ತುಕೊಂಡು ಎರಡನೇ ಮದುವೆಗೆ ಹೋದವಳನ್ನು ಯಾರಾದರೂ ಕಂಡಿದ್ದಾರಾ ಎಂದೆ. ಅವಳು ಈರುಳ್ಳಿ ಹೆಚ್ಚುತ್ತಾ, "ನೀವು ಬರ್ದೇ ಇದ್ರೆ ನಾನೂ ಹೋಗಲ್ಲ. ಬೈಯೋರು ಇಲ್ದೆ ನಂಗೆ ಊಟ ಸೇರಲ್ಲ" ಎಂದಳು. ನಾನು ಬರುವುದಿಲ್ಲ ಎಂದೆ. ಅಲ್ಲಿಗೆ ನಿಂತಿದೆ. ಮೊದಲು ಒಂದು ಗಂಟು ಇತ್ತು, ಈಗ ಎರಡು.

ನಿನಗೆ ನಿಜ ಹೇಳುತ್ತೇನೆ, ಬೇರೆ ಯಾರಿಗೂ ಹೇಳಬೇಡ. ಅವಳು ಇನ್ನೊಬ್ಬನ ಹೆಂಡತಿಯಾದ ಮೇಲೆ ನಾನು ಅವಳಿಗೆ ಏನು? ಆ ಮನೆಗೆ ಬಂದ ನೆಂಟರು ಈ ಮುದುಕಿ ಯಾರೆಂದು ಕೇಳಿದರೆ ಅವಳು ಏನು ಹೇಳಬೇಕು? ಕಳೆದ ಸಾಮಾನಿನ ಕೋಣೆಯಲ್ಲಿ ಕೂತು ಕೂತು ನನಗೆ ಒಂದು ಗೊತ್ತು. ಯಾರದೆಂದು ಹೇಳಲಾಗದ ವಸ್ತುವನ್ನು ಜನ ಮೂಲೆಯಲ್ಲಿಡುತ್ತಾರೆ. ಮೂಲೆಯಲ್ಲಿರಲು ನನಗೆ ಬರುವುದಿಲ್ಲ. ತೊಳೆದ ತಟ್ಟೆ ತೊಳೆಯುತ್ತಿದ್ದದ್ದು ಅದಕ್ಕೇ. ನೋಡಿದ್ದೀಯ ಎಂದು ಗೊತ್ತಿದ್ದರೆ ಬೇರೆ ಕಡೆ ಹೋಗಿ ತೊಳೆಯುತ್ತಿದ್ದೆ.

ಆದರೆ ನನ್ನ ನೆವ ಹೇಳಿ ಅವಳ ಹೂಂ ತಡೆದರೆ ನಾನು ನಿನ್ನನ್ನು ಕ್ಷಮಿಸುವುದಿಲ್ಲ. ನನ್ನದು ನಾನು ನೋಡಿಕೊಳ್ಳುತ್ತೇನೆ. ನೀನು ನಿನ್ನಮ್ಮನಿಗೆ ಬರಿ. ನನಗಲ್ಲ, ಅವಳಿಗೆ.

ಅಜ್ಜಿ


ಮೇ 9

ಕಡ್ಡಿಪೆಟ್ಟಿಗೆ, ನೀನು ಟೀಚರಾಗುವುದು ಬೇಡ, ವಕೀಲಳಾಗು.

ನಿನ್ನ ಕಾಗದ ನಿನ್ನಮ್ಮನಿಗೆ ವರ್ಕ್‌ಶಾಪಿನಲ್ಲೇ ಸಿಕ್ಕಿತು. ಅಂಚೆಯವನಿಗೆ ಅವಳ ಅವಸ್ಥೆ ಗೊತ್ತು, ಮನೆಗೆ ಹಾಕದೆ ಅಲ್ಲಿಗೇ ತಂದುಕೊಟ್ಟಿದ್ದಾನೆ. ಅವಳು ಕತ್ತರಿಯನ್ನೂ ಕೈಯಲ್ಲೇ ಹಿಡಿದು ಪ್ಲಾಟ್‌ಫಾರಂ ದಾಟಿ ಓಡಿ ಬಂದಳು. ಜನ ದಾರಿ ಬಿಟ್ಟರು, ಕತ್ತರಿ ಹಿಡಿದು ಅಳುತ್ತಾ ಓಡುವ ಹೆಂಗಸಿಗೆ ಯಾರು ಅಡ್ಡ ಬರುತ್ತಾರೆ? ನನ್ನ ಕಿಟಕಿಯಲ್ಲಿ ಒಬ್ಬ ಒಂದು ಕಾಲಿನ ಬೂಟು ಕಳೆದುಕೊಂಡು ನಿಂತಿದ್ದ. ಅವನನ್ನು ಪಕ್ಕಕ್ಕೆ ತಳ್ಳಿ, "ಅತ್ತೇ, ಓದಿ" ಎಂದಳು. ಓದಲು ಕೊಡಲಿಲ್ಲ. ಎದೆಗೆ ಒತ್ತಿಕೊಂಡು ತಾನೇ ಒಂದು ಸಾಲು ಓದಿದಳು: "ಅಜ್ಜೀನ ಬಿಟ್ಟು ಹೋದ್ರೆ ನಾನು ಬರಲ್ಲ. ಕರ್ಕೊಂಡು ಹೋದ್ರೆ ಮದುವೆಗೆ ಬರ್ತೀನಿ, ಸಾಕ್ಷಿ ಸಹಿನೂ ನಾನೇ ಹಾಕ್ತೀನಿ."

ಉಳಿದದ್ದು ನಿಮ್ಮ ತಾಯಿ ಮಗಳ ನಡುವಿನದು, ನಾನು ಕೇಳಲಿಲ್ಲ. ಸರಿ, ಎರಡು ಸಲ ಕೇಳಿದೆ. ಹೇಳಲಿಲ್ಲ.

ಬೂಟಿನವನು, "ಶುಭ ಸಮಾಚಾರನಾ ಅಜ್ಜಿ?" ಎಂದ. "ನಂಗಲ್ಲಪ್ಪ, ನನ್ನನ್ನ ಬಲೆಗೆ ಕೆಡವಿದ್ದಾರೆ" ಎಂದು ಅವನ ಬೂಟು ಕೊಟ್ಟು ಕಳಿಸಿದೆ. ಒಳಗೇನಿದೆ ಎಂದು ಕೇಳುವುದನ್ನೇ ಮರೆತೆ. ಪುಣ್ಯಕ್ಕೆ ಅವನದೇ ಇರಬೇಕು, ಒಂದು ಕಾಲಿನದನ್ನು ಯಾರು ಕದಿಯುತ್ತಾರೆ.

ಹಾಗಾಗಿ ಹೋಗುತ್ತಿದ್ದೇನೆ. ನಿನ್ನ ಮಾತಿಗೆ ಹೋಗುತ್ತಿದ್ದೇನೆಯೇ ಹೊರತು ಆಸೆಗಲ್ಲ. ಕನ್ನಡಕದವನಿಗೆ ಮೊದಲೇ ಷರತ್ತು ಹೇಳಿದ್ದೇನೆ. ನನ್ನ ಕಿಟಕಿ ನಾನು ಬಿಡುವುದಿಲ್ಲ, ಬೆಳಗಿನ ಚಹಾ ನಾನೇ ಮಾಡುತ್ತೇನೆ, ಬೈಯುವುದನ್ನು ನಿಲ್ಲಿಸುವುದಿಲ್ಲ, ನಿಮಗೂ ಬೀಳುತ್ತದೆ. ಆತ, "ಯಾವಾಗಿಂದ?" ಎಂದು ಕೇಳಿದ. "ಇವತ್ತಿಂದ. ಅಂಗಡಿ ಮುಂದೆ ಇಷ್ಟು ಧೂಳಿದೆ, ಕಣ್ಣಿನ ಅಂಗಡಿಯವರಿಗೆ ಕಾಣಲ್ವಾ?" ಎಂದೆ. ಪೊರಕೆ ತಂದುಕೊಟ್ಟ, ಮುಠ್ಠಾಳ. ನಾನೇ ಗುಡಿಸಬೇಕಾಯಿತು.

ಅಂಗಡಿಯ ಮೇಲೆ ಮೂರು ಕೋಣೆ. ಮೆಟ್ಟಿಲು ಕಡಿದು. ನನಗೆ ಬೀದಿಯ ಕಡೆಯ ಕೋಣೆಯಂತೆ, ನಿನಗೆ ರಜೆಯಲ್ಲಿ ನನ್ನ ಪಕ್ಕದ ಮಂಚ. ಗೋಡೆಗೆ ಬಣ್ಣ ಯಾವುದು ಬೇಕೆಂದು ನಿನ್ನಮ್ಮ ದಿನಕ್ಕೊಂದು ಸಲ ಕೇಳುತ್ತಾಳೆ. ಕನ್ನಡಕವನ್ನು ಈಗ ಬಚ್ಚಿಡುವುದಿಲ್ಲ, ಮೂಗಿನ ಮೇಲೇ ಇದೆ, ಹಣೆಗೇರಿಸಿ ಹುಡುಕುವಷ್ಟು ಅಭ್ಯಾಸವಾಗಿದೆ.

ಮೊನ್ನೆ ಮದುವೆ ನೋಂದಾಯಿಸುವ ಕಚೇರಿಗೆ ಮೂವರೂ ಹೋಗಿದ್ದೆವು. ಜೂನ್ ಮೊದಲ ಶನಿವಾರ ಕೊಟ್ಟಿದ್ದಾರೆ. ಗುಮಾಸ್ತ ನನ್ನನ್ನು ನೋಡಿ, "ನೀವು ಹುಡುಗನ ತಾಯಿನಾ?" ಎಂದ.

"ಅಲ್ಲ. ಹುಡುಗಿ ಕಡೆ."

"ಹುಡುಗಿ ತಾಯಿ."

"ಅಲ್ಲ. ಹುಡುಗಿ ಅತ್ತೆ."

ಗುಮಾಸ್ತ ಪೆನ್ನು ಕೆಳಗಿಟ್ಟ. "ಅತ್ತೆ ಅಂದ್ರೆ ಹುಡುಗನ ತಾಯಿ ಅಲ್ವೇನ್ರೀ?" ನನಗೆ ಬಾಯಿ ಕಟ್ಟಿತು ಕಣೇ. ನನಗೆ! ಇಷ್ಟು ವರ್ಷ ಯಾರ ಮುಂದೂ ಕಟ್ಟದ್ದು. ನಾನು ಹೆದರಿದ್ದು ಇದೇ ಪ್ರಶ್ನೆಗೆ, ಅದು ನೆಂಟರ ಬಾಯಲ್ಲಿ ಬರುತ್ತದೆ ಎಂದುಕೊಂಡಿದ್ದೆ, ಸರಕಾರದ ಬಾಯಲ್ಲಿ ಬಂತು. ಹೊರಗೆ ಹೋಗಿ ನಿಲ್ಲೋಣವೆಂದು ಏಳುತ್ತಿದ್ದೆ. ನಿನ್ನಮ್ಮ, ಯಾರಿಗೂ ಒಂದು ದಿನ ಗದರದವಳು, ಮೇಜಿನ ಮೇಲೆ ಕೈ ಊರಿ, "ನಮ್ಮತ್ತೆ ಅಂದ್ಮೇಲೆ ನಮ್ಮತ್ತೆ. ನಾನು ಹತ್ತು ಮದುವೆ ಆದ್ರೂ ಇವರೇ ನಮ್ಮತ್ತೆ. ನಿಮ್ಗೇನ್ರೀ ತೊಂದ್ರೆ, ಬರ್ಕೊಳ್ಳಿ!" ಎಂದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುಮಾಸ್ತ ಬರೆದುಕೊಂಡ. ಕನ್ನಡಕದವನು ನನ್ನ ಕಡೆ ಬಗ್ಗಿ, "ಹತ್ತು ಅಂದಳಲ್ಲ" ಎಂದು ಪಿಸುಗುಟ್ಟಿದ. "ಒಂದಕ್ಕೆ ಮೊದಲು ನೆಟ್ಟಗೆ ಕೂತ್ಕೊಳ್ಳಿ" ಎಂದೆ.

ಅವಳ ಆ ಗದರಿಕೆ ನನ್ನ ನಾಲಿಗೆಯದೇ. ಬೇರೆ ಯಾರಿಂದಲೂ ಬಂದಿರಲು ಸಾಧ್ಯವಿಲ್ಲ. ಮನೆಗೆ ಬಂದು ಆ ದಿನ ನಾನು ಏನನ್ನೂ ಎರಡನೇ ಸಲ ತೊಳೆಯಲಿಲ್ಲ.

ಈಗ ನಿನ್ನ ಪಾಲಿನ ಕೆಲಸವೊಂದು ಉಳಿದಿದೆ. ಆತನನ್ನು ನೀನು ಏನೆಂದು ಕರೆಯುತ್ತೀಯ? ಅಪ್ಪ ಅನ್ನಬೇಕಾಗಿಲ್ಲ, ಆ ಜಾಗ ಖಾಲಿ ಇಲ್ಲ, ಆತ ಅದನ್ನು ಕೇಳುತ್ತಲೂ ಇಲ್ಲ. ಅಂಕಲ್ ಎಂದರೆ ನಾನು ಒಪ್ಪುವುದಿಲ್ಲ, ಅದು ಬಸ್ಸಿನಲ್ಲಿ ಸ್ವಲ್ಪ ಸರಿಯಿರಿ ಎನ್ನುವಾಗ ಹೇಳುವ ಮಾತು. ಏನ್ರೀ ಎಂದು ಕರೆದು ಬೈಯುವುದು ನನ್ನ ಪಾಲಿನದು, ನಿನಗೆ ಸಿಗುವುದಿಲ್ಲ. ನಿನ್ನೆ ಆತ ಲೆನ್ಸು ಉಜ್ಜುತ್ತಾ, "ಅವಳು ನನ್ನ ಏನಂತ ಕರೀಬಹುದು?" ಎಂದ. ಕೇಳಿದ್ದು ನನ್ನನ್ನಲ್ಲ, ಲೆನ್ಸನ್ನು. ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ, ಮತ್ತೆ ಉಜ್ಜಿದ. ಅದು ಆಗಲೇ ನಿಚ್ಚಳವಾಗಿತ್ತು.

ಬಸ್ಸಿಳಿದು ಬಾಗಿಲಲ್ಲಿ ತೊದಲುತ್ತಾ ನಿಲ್ಲಬೇಡ. ಕರೆಯುವ ಪದವನ್ನು ಬಾಯಲ್ಲಿಟ್ಟುಕೊಂಡೇ ಬಾ. ಅದು ಯಾವುದೆಂದು ನನಗೆ ಮೊದಲು ಗೊತ್ತಾಗಬೇಕು, ಆತನನ್ನು ಒಂದಿಷ್ಟು ಸತಾಯಿಸಿ ಹೇಳಲಿಕ್ಕೆ. ಈ ತಿಂಗಳು ಮುಗಿಯುವ ಮೊದಲು, ಮುಂದಿನ ತಿಂಗಳ ಹೊಸ್ತಿಲು ತುಳಿಯುವ ಮೊದಲು ಬರೆದು ಹಾಕು.

ನಿನ್ನಮ್ಮನ ಅತ್ತೆ,
ನಿನ್ನ ಅಜ್ಜಿ